ಎರಡು ಮಿಲಿ

ಹತ್ತೊಂಬತ್ತು ವರ್ಷದಿಂದ ನನ್ನ ಕೆಲಸ ಪುಪ್ಪುಸ ಕೀಳುವುದು.
ಯುಟ್ಲೆಂಡಿನ ಈ ಊರಲ್ಲಿ ಮನುಷ್ಯರಿಗಿಂತ ಹಂದಿಗಳೇ ಹೆಚ್ಚು;
ಕೊಕ್ಕೆಗೆ ಜೋತುಬಿದ್ದು ಒಂದರ ಹಿಂದೊಂದು ಬರುತ್ತವೆ,
ನಿಮಿಷಕ್ಕೆ ಏಳು.
ನನ್ನ ಪಾಲಿಗೆ ಎಂಟು ಸೆಕೆಂಡು, ಒಂದು ಬಾಗಿದ ಚೂರಿ.
ಗುಂಡಿಗೆ ಎಡಕ್ಕೆ, ಈಲಿ ಬಲಕ್ಕೆ,
ಪುಪ್ಪುಸ ನೀಲಿ ಡಬ್ಬಕ್ಕೆ. ನಾಯಿಗಳ ಊಟ.
ಉಸಿರಾಡಲೂ ಪುರುಸೊತ್ತಿಲ್ಲ ಎನ್ನುತ್ತಿದ್ದೆವು, ನಗುತ್ತ.

ಕೆಲಸ ಕಲಿಸಿದ ಮುದುಕ ಅಂಕರ್ ಒಂದು ದಿನ
ಕಿತ್ತ ಪುಪ್ಪುಸದ ನಾಳಕ್ಕೆ ರಬ್ಬರ್ ಕೊಳವೆ ತುರುಕಿ
ಕೆನ್ನೆ ಉಬ್ಬಿಸಿ ಊದಿದ.
ಒದ್ದೆ ಕಾಲುಚೀಲದಂತೆ ಬಿದ್ದಿದ್ದದ್ದು
ಎದ್ದಿತು ನೋಡಿ, ಹುಳಿ ಬಂದ ಹಿಟ್ಟಿನ ಹಾಗೆ,
ತಿಳಿಗೆಂಪಾಗಿ, ಮೂಲೆಮೂಲೆಯಲ್ಲೂ.
"ಒಳಗೆ ಕೋಟಿ ಗುಳ್ಳೆ ಇವೆ ಹುಡುಗ. ನೀರಿಗೆ ಹಾಕು, ತೇಲುತ್ತದೆ.
ಸತ್ತ ಮೇಲೂ ಗಾಳಿಯನ್ನು ಪೂರ್ತಿ ಬಿಟ್ಟುಕೊಡುವ ಜಾತಿಯಲ್ಲ ಇದು."
ಮೇಲ್ವಿಚಾರಕ ಬೈದ. ಸರಪಳಿ ಮುಂದೆ ಸಾಗಿತು.

ಫೆಬ್ರವರಿಯಲ್ಲಿ, ಇಪ್ಪತ್ತಾರನೆಯ ವಾರಕ್ಕೇ,
ಸೋಲ್ವೈ ಹೆತ್ತಳು.
ಎಂಟುನೂರ ಹತ್ತು ಗ್ರಾಂ. ನಾನು ತೂಕ ಬಲ್ಲವನು:
ಒಂದು ಹಂದಿಯ ಜೋಡಿ ಪುಪ್ಪುಸ ಅದಕ್ಕಿಂತ ತುಸು ಭಾರ.
ಮಗಳು ಅಳಲಿಲ್ಲ. ಅಳುವುದಕ್ಕೂ ಗಾಳಿ ಬೇಕು.
ಒಂದೊಂದು ಉಸಿರಿಗೂ ಪಕ್ಕೆಲುಬಿನ ಸಂದಿನ ಚರ್ಮ
ಒಳಕ್ಕೆ ಹೋಗುತ್ತಿತ್ತು, ಯಾರೋ ಒಳಗಿನಿಂದ ಜಗ್ಗಿದ ಹಾಗೆ.

ಓರ್ಹುಸಿನ ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ದಾದಿ ಬೋಡಿಲ್
ಕೈಗವಸಿನ ಒಳಗೆ ನೀರು ಸುರಿದು ಚೆಲ್ಲಿ,
ಬೆರಳುಗಳನ್ನು ಅಂಟಿಸಿ ತೋರಿಸಿದಳು:
"ಇದಕ್ಕೆ ಊದಿ ನೋಡಿ. ಊದಿ ಬಿಟ್ಟರೆ ಮತ್ತೆ ಅಂಟುತ್ತದೆ.
ಮತ್ತೆ ಮೊದಲಿನಿಂದ.
ನಿಮ್ಮ ಮಗಳಿಗೆ ಪ್ರತಿ ಉಸಿರೂ ಮೊದಲ ಉಸಿರು."
ಗಾಳಿಚೀಲದ ಒಳಮೈಗೆ ಒಂದು ಜಿಡ್ಡು ಬೇಕಂತೆ,
ಸಾಬೂನಿನ ಪೊರೆಯಷ್ಟು ತೆಳು,
ನೀರಿನ ಹಿಡಿತ ಸಡಿಲಿಸಲು.
ಅದು ಬರುವ ಮೊದಲೇ ಇವಳು ಬಂದುಬಿಟ್ಟಿದ್ದಾಳೆ.

ಫ್ರಿಜ್ಜಿನಿಂದ ಪುಟ್ಟ ಶೀಶೆ ತೆಗೆದಳು.
ಕುಲುಕಲಿಲ್ಲ; ಮುಷ್ಟಿಯಲ್ಲಿಟ್ಟುಕೊಂಡು
ಮೊಟ್ಟೆಗೆ ಕಾವು ಕೊಡುವ ಹಾಗೆ ಬೆಚ್ಚಗೆ ಮಾಡಿದಳು.
ಹಾಲಿನ ಬಣ್ಣ. ಎರಡು ಮಿಲಿ.
"ಏನಿದು?"
"ಹಂದಿಯ ಪುಪ್ಪುಸದಿಂದ ತೆಗೆದದ್ದು," ಎಂದಳು,
ನಾನು ಯಾರೆಂದು ತಿಳಿಯದೆ.

ನೂಲಿನಂಥ ನಳಿಕೆಯಲ್ಲಿ ಇಳಿಯಿತು ಅದು.
ಕೈಗಳನ್ನು ಎಲ್ಲಿಡಲಿ ತೋಚದೆ ಜೇಬಿಗೆ ಹಾಕಿಕೊಂಡೆ.
ಪರದೆಯ ಮೇಲೆ ಎಪ್ಪತ್ತೊಂದು. ಎಪ್ಪತ್ತೊಂದು. ಅರವತ್ತೆಂಟು.

ಎಲ್ಲೋ ಒಳಗೆ ಒಂದು ಚೀಲ ಬಿಚ್ಚಿಕೊಂಡಿರಬೇಕು,
ಬಿಚ್ಚಿಕೊಂಡೇ ಉಳಿದಿರಬೇಕು.
ಅದರ ಗೋಡೆಗೆ ಒತ್ತಿಕೊಂಡೇ ರಕ್ತದ ಓಣಿ,
ಎಷ್ಟು ಕಿರಿದೆಂದರೆ ಕೆಂಪುಕಣಗಳು ಮೈ ಮಡಚಿ
ಒಂದರ ಹಿಂದೊಂದು ಬರುತ್ತವೆ.
(ಆ ಸಾಲು ನನಗೆ ಗೊತ್ತು.)
ಕಣವೊಂದಕ್ಕೆ ಒಂದು ಸೆಕೆಂಡೂ ಇಲ್ಲ.
ಅಷ್ಟರಲ್ಲೇ ಮೈಯೆಲ್ಲ ಸುತ್ತಿ ಹೊತ್ತು ತಂದ ಹಳಸು ಈಚೆಗೆ,
ಹೊಸದು ಆಚೆಗೆ.
ತಳ್ಳುವವರಿಲ್ಲ, ಎಳೆಯುವವರಿಲ್ಲ, ಚೂರಿಯಿಲ್ಲ.
ಹೆಚ್ಚಿರುವಲ್ಲಿಂದ ಕಡಿಮೆಯಿರುವಲ್ಲಿಗೆ
ಹೋಗುತ್ತದೆ, ಅಷ್ಟೇ,
ಬಾಗಿಲು ತೆರೆದಿಟ್ಟರೆ ಕಾಫಿಯ ಘಮ ಪಕ್ಕದ ಕೋಣೆಗೆ ಹೋಗುವ ಹಾಗೆ.

ಎಪ್ಪತ್ತೊಂಬತ್ತು. ಎಂಬತ್ತಾರು.
ತೊಂಬತ್ತೊಂದಕ್ಕೆ ಬೋಡಿಲ್ ಉಸಿರು ಬಿಟ್ಟಳು;
ಅವಳೂ ಹಿಡಿದಿಟ್ಟುಕೊಂಡಿದ್ದಳೆಂದು ಆಗ ತಿಳಿಯಿತು.
ಮಗಳ ಕಿವಿ ಬೂದಿಬಣ್ಣದಿಂದ ನಿಧಾನ ತಿರುಗಿತು
ಅಂಕರ್ ಊದಿದ ಆ ಬಣ್ಣಕ್ಕೆ.

ಏಪ್ರಿಲಿನಲ್ಲಿ ಕೆಲಸಕ್ಕೆ ಮರಳಿದೆ. ಕೊಕ್ಕೆ ಬಂತು.
ಕಿತ್ತು ಕೈಯಲ್ಲಿ ಹಿಡಿದೆ. ಇನ್ನೂ ಬಿಸಿಯಿತ್ತು.
ಏನಾದರೂ ಹೇಳಬೇಕೇ? ಯಾರಿಗೆ? ಯಾವ ಮುಖದಿಂದ?
ಹೆಬ್ಬೆರಳಿನಿಂದ ಒತ್ತಿದೆ: ಒಳಗೆ ಗುಳ್ಳೆಗಳು ಸಣ್ಣಗೆ ಚಟಗುಟ್ಟಿದವು,
ಹಳೆಯ ಹಿಮದ ಮೇಲೆ ಹೆಜ್ಜೆಯಿಟ್ಟ ಹಾಗೆ.
ಪಕ್ಕದವನು ಕೂಗುತ್ತಿದ್ದ.
ತಲೆಯೆತ್ತಿ ನೋಡಿದರೆ ಎರಡು ಹಂದಿಗಳು ದಾಟಿಹೋಗಿದ್ದವು,
ಪುಪ್ಪುಸ ಒಳಗಿಟ್ಟುಕೊಂಡೇ.